ಓದುಗರ ಪ್ರಶ್ನೆ, ನಮ್ಮ ಉತ್ತರ: ಹಿಮದ ನಡುವೆ ನೀರಿನ ಲೆಕ್ಕ

ಪ್ರಶ್ನೆ: ಅಂಟಾರ್ಕ್ಟಿಕಾದಲ್ಲಿ ಎಲ್ಲೆಲ್ಲೂ ಮಂಜುಗಡ್ಡೆಯೇ ಇದ್ದರೂ ವಿಜ್ಞಾನಿಗಳು ವಾರಕ್ಕೆ ಎರಡೇ ಸಲ, ಅದೂ ಎರಡು ನಿಮಿಷ ಸ್ನಾನ ಮಾಡುತ್ತಾರಂತೆ. ಏಕೆ?

ಉತ್ತರ: ಅದು ದಕ್ಷಿಣ ಧ್ರುವದಲ್ಲಿರುವ ಅಮೆರಿಕದ ಅಮಂಡ್‌ಸನ್-ಸ್ಕಾಟ್ ಕೇಂದ್ರದ ನಿಯಮ. ಅಲ್ಲಿ ನೀರು ಬೇಕೆಂದರೆ ಇಂಧನ ಸುಡಬೇಕು. ಆ ಇಂಧನ ವಿಮಾನದಲ್ಲೋ, ಹಿಮದ ಮೇಲೆ ವಾರಗಟ್ಟಲೆ ಸಾಗುವ ಟ್ರ್ಯಾಕ್ಟರುಗಳಲ್ಲೋ ಬರಬೇಕು. ಮೈನಸ್ 50 ಡಿಗ್ರಿಯಲ್ಲಿರುವ ಒಂದು ಕಿಲೋ ಮಂಜುಗಡ್ಡೆಯನ್ನು ಸೊನ್ನೆಗೆ ತರಲು ಸುಮಾರು 100 ಕಿಲೋಜೂಲ್, ಕರಗಿಸಲು ಮತ್ತೆ 334 ಕಿಲೋಜೂಲ್ ಶಾಖ ಬೇಕು.

ಹಾಗಾಗಿ ಅಲ್ಲಿ ಜನರೇಟರಿನಿಂದ ವ್ಯರ್ಥವಾಗಿ ಹೋಗುವ ಶಾಖವನ್ನೇ ಹಿಡಿದಿಟ್ಟು ಬಳಸುತ್ತಾರೆ. ಮೇಲಿನ ಪದರ ಸಡಿಲ ಹಿಮ, ನೀರು ನಿಲ್ಲದು. ಅದಕ್ಕೆ ಆಳಕ್ಕೆ ಕೊರೆದು, ಬಿಸಿನೀರು ಬಿಟ್ಟು ಗಟ್ಟಿ ಮಂಜಿನೊಳಗೆ ಒಂದು ಬಾವಿ ಮಾಡಿಕೊಳ್ಳುತ್ತಾರೆ. ಪಂಪಿನಿಂದ ಎತ್ತಿದ ನೀರಿನಲ್ಲಿ ಒಂದು ಪಾಲು ಬಳಕೆಗೆ. ಉಳಿದದ್ದು ಕಾದು ಮತ್ತೆ ಬಾವಿಗೇ ಇಳಿಯುತ್ತದೆ. ಈ ಸುತ್ತು ನಿಂತರೆ ಬಾವಿ ಹೆಪ್ಪುಗಟ್ಟತೊಡಗುತ್ತದೆ. ತಳ ಕರಗುತ್ತಾ ವರ್ಷ ವರ್ಷ ಕೆಳಗಿಳಿಯುವುದರಿಂದ, ತೀರಾ ಆಳವಾದ ಮೇಲೆ ಅದನ್ನು ಬಿಟ್ಟು ಹೊಸದು ತೋಡಬೇಕು. ಹಳೆಯದಕ್ಕೆ ಕೊಳಚೆ ನೀರು ಹೋಗುತ್ತದೆ. ಆಕಾಶದಿಂದ ಬಿದ್ದು ಇಂಥ ಬಾವಿಯ ತಳದಲ್ಲಿ ಸೇರಿದ್ದ ಸೂಕ್ಷ್ಮ ಉಲ್ಕಾಕಣಗಳನ್ನೂ 1995ರಲ್ಲಿ ಹೀರಿ ತೆಗೆದರು. ಕುಡಿಯುವ ನೀರಿನ ಬಾವಿಯೇ ಪ್ರಯೋಗಶಾಲೆಯಾದದ್ದು ನಿಜಕ್ಕೂ ಸೊಗಸು!

ಎಲ್ಲ ಕಡೆ ಹೀಗಿಲ್ಲ. ಭಾರತದ ಮೈತ್ರಿ ಕೇಂದ್ರಕ್ಕೆ ಪಕ್ಕದ ಪ್ರಿಯದರ್ಶಿನಿ ಸರೋವರವಿದೆ. 2012ರಲ್ಲಿ ಶುರುವಾದ ನಮ್ಮ ಇನ್ನೊಂದು ಕೇಂದ್ರ ಭಾರತಿ, ಸಮುದ್ರದ ನೀರಿನ ಉಪ್ಪು ತೆಗೆದು ಬಳಸುತ್ತದೆ.

ಪ್ರಶ್ನೆ: ಡೇರೆಯಲ್ಲಿ ಉಳಿಯುವವರು ಏನು ಮಾಡುತ್ತಾರೆ?

ಉತ್ತರ: ಒಲೆಯ ಮೇಲೆ ಹಿಮ ಕರಗಿಸುತ್ತಾರೆ. ಪಾತ್ರೆಗೆ ಮೊದಲು ಒಂದೆರಡು ಬೆರಳಷ್ಟು ನೀರು ಹಾಕಿ, ಆಮೇಲೆ ಹಿಮವನ್ನು ಸ್ವಲ್ಪಸ್ವಲ್ಪವೇ ಸೇರಿಸಬೇಕು. ಬರೀ ಹಿಮ ತುಂಬಿದರೆ ತಳದಲ್ಲಿ ಕರಗಿದ ನೀರನ್ನು ಮೇಲಿನ ಒಣ ಹಿಮ ಹೀರಿಕೊಳ್ಳುತ್ತದೆ, ಬರಿದಾದ ತಳ ಸೀಯುತ್ತದೆ, ನೀರಿಗೆಲ್ಲ ಸೀದ ವಾಸನೆ. ಅದಕ್ಕೇ ರಾತ್ರಿ ಫ್ಲಾಸ್ಕಿನಲ್ಲಿ ಬೆಳಗಿನ ಒಲೆಗಾಗಿ ಒಂದಿಷ್ಟು ನೀರು ಉಳಿಸಿಕೊಳ್ಳುವುದು. ಒಲೆ ಉರಿಯುವಾಗ ಡೇರೆಯ ಗಾಳಿಕಿಂಡಿ ತೆರೆದೇ ಇರಬೇಕು. ಹಿಮ ಬಿದ್ದು ಅದು ಮುಚ್ಚಿಕೊಂಡರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವಕ್ಕೇ ಕುತ್ತು.

ಪ್ರಶ್ನೆ: ಅಷ್ಟು ಚಳಿಯಲ್ಲೂ ಬೆಂಕಿಗೆ ಹೆದರುತ್ತಾರಂತೆ?

ಉತ್ತರ: ಹೌದು, ಹೆದರಲೇಬೇಕು. ತಣ್ಣನೆಯ ಗಾಳಿಯಲ್ಲಿ ತೇವ ಇಲ್ಲವೆನ್ನುವಷ್ಟು ಕಡಿಮೆ; ಅದನ್ನು ಒಳಗೆ ತಂದು ಬಿಸಿ ಮಾಡಿದರೆ ಮರ, ಬಟ್ಟೆ ಎಲ್ಲ ಒಣಗಿ ಗರಿಗರಿಯಾಗುತ್ತವೆ. ಹೊರಗೆ ಗಾಳಿಯ ಅಬ್ಬರ, ಆರಿಸಲು ಹರಿಯುವ ನೀರಿಲ್ಲ. 1982ರ ಏಪ್ರಿಲ್‌ನಲ್ಲಿ ಸೋವಿಯತ್ ಒಕ್ಕೂಟದ ವೋಸ್ತೋಕ್ ಕೇಂದ್ರದಲ್ಲಿ ವಿದ್ಯುತ್ ಘಟಕ ಸುಟ್ಟು ಒಬ್ಬರು ಸತ್ತರು, ಉಳಿದವರು ಇಡೀ ಚಳಿಗಾಲ ಅಲ್ಲೇ ಕಳೆಯಬೇಕಾಯಿತು. 2012ರ ಫೆಬ್ರುವರಿಯಲ್ಲಿ ಬ್ರೆಜಿಲ್‌ನ ಕೊಮಾಂಡಾಂಟೆ ಫೆರಾಜ್ ಕೇಂದ್ರದ ಬೆಂಕಿ ಹೊತ್ತಿದ್ದೂ ಜನರೇಟರ್ ಕೋಣೆಯಲ್ಲೇ, ಇಬ್ಬರು ತೀರಿಕೊಂಡರು. ಆದ್ದರಿಂದ ಮುಖ್ಯ ಕಟ್ಟಡದ ಬೆಂಕಿ ತಲುಪದಂತೆ ಬೇರೆಯಾಗಿ ಒಂದು ಆಸರೆ ಇಟ್ಟು, ಅಲ್ಲಿ ಇನ್ನೊಂದು ಜನರೇಟರ್, ಆಹಾರ, ಬೆಚ್ಚನೆಯ ಬಟ್ಟೆ, ರೇಡಿಯೊ ಸಿದ್ಧವಿಡುತ್ತಾರೆ.