ಶನಿವಾರದೊಳಗೆ ದೇಶ ಆರಿಸಬೇಕಿತ್ತು

2025ರ ಜುಲೈ, ಒಂದು ಬುಧವಾರ. ಮೂರು ದಿನದಿಂದ ಮಳೆ ಹಿಡಿದುಕೊಂಡಿತ್ತು. ಅಪ್ಪ, ಅಮ್ಮ, ಮಗಳು ಮೂವರೂ ಒದ್ದೆ ಕೊಡೆಗಳನ್ನು ಬಾಗಿಲಲ್ಲೇ ಇಟ್ಟು ಮಡಿಕೇರಿಯ ನನ್ನ ಸಲಹಾ ಕೋಣೆಯೊಳಗೆ ಬಂದರು. ಅಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದ ಫೈಲ್ ಬಿಚ್ಚಿ ಮೂರು ಬಣ್ಣದ ಪುಸ್ತಿಕೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಮಗಳನ್ನು ಡಾಕ್ಟರ್ ಓದಲು ಕಳಿಸುವುದಕ್ಕೆ ಮೂರು ದೇಶಗಳು: ಜಾರ್ಜಿಯಾ, ಕಿರ್ಗಿಸ್ತಾನ, ಫಿಲಿಪ್ಪೀನ್ಸ್.

"ಮೇಡಂ, ಇದರಲ್ಲಿ ಯಾವುದು ಒಳ್ಳೇದು ಅಂತ ಹೇಳಿಬಿಡಿ. ಶನಿವಾರದೊಳಗೆ ಒಂದು ಲಕ್ಷ ಕಟ್ಟದಿದ್ದರೆ ಸೀಟು ಹೋಗುತ್ತದಂತೆ."

ಮಗಳನ್ನು ಇಲ್ಲಿ ಪೂವಿ ಅನ್ನುತ್ತೇನೆ. ಅದು ಅವಳ ಹೆಸರಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಆರು ಎಕರೆ ರೋಬಸ್ಟಾ ಕಾಫಿ ತೋಟ, ಮರಕ್ಕೆ ಹಬ್ಬಿಸಿದ ಕರಿಮೆಣಸು. ಒಬ್ಬಳೇ ಮಗಳು. ನೀಟ್‌ನಲ್ಲಿ 720ಕ್ಕೆ 260 ಬಂದಿತ್ತು. ಆ ಸಲ ಸಾಮಾನ್ಯ ವರ್ಗದ ಅರ್ಹತೆಯ ಗೆರೆ 144. ಹಾಗಾಗಿ ಪಾಸೇನೋ ಆಗಿದ್ದಳು. ಆದರೆ ಅರ್ಹರಾದವರೇ 12 ಲಕ್ಷ ದಾಟಿದ್ದರು, ದೇಶದಲ್ಲಿರುವ ಎಂಬಿಬಿಎಸ್ ಸೀಟುಗಳು ಹೆಚ್ಚುಕಮ್ಮಿ ಅದರ ಹತ್ತರಲ್ಲೊಂದು ಪಾಲು. ನಮ್ಮ ಮಡಿಕೇರಿಯಲ್ಲೇ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ವರ್ಷಕ್ಕೆ 150 ಸೀಟು. ಅದರ ಬೋರ್ಡು ಕಂಡರೆ ಈಗ ಮುಖ ತಿರುಗಿಸಿಕೊಳ್ಳುತ್ತೇನೆ ಅಂತ ಅಮ್ಮ ಹೇಳಿದರು. ಖಾಸಗಿ ಕಾಲೇಜಿನ ಸೀಟಿಗೆ ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ. ಅದನ್ನು ಅಪ್ಪ ಆಗಲೇ ಕೈಬಿಟ್ಟಿದ್ದರು.

ಪುಸ್ತಿಕೆ ಮುಟ್ಟದೆ ನಾನು ಪೂವಿಯನ್ನು ನೋಡಿದೆ. ಅರ್ಧ ಗಂಟೆಯಾದರೂ ಅವಳು ಬಾಯಿ ಬಿಟ್ಟಿರಲಿಲ್ಲ. ಅಪ್ಪ ಅಮ್ಮನಿಗೆ ಹೊರಗಿನ ಕೋಣೆಯಲ್ಲಿ ಕಾಫಿ ಕೊಡಿಸಿ, ಅವಳೊಬ್ಬಳನ್ನೇ ಕೂರಿಸಿಕೊಂಡೆ.

"ನಿನಗೆ ಯಾವ ದೇಶ ಇಷ್ಟ?"

"ಯಾವುದಾದರೂ ಆಗುತ್ತೆ ಮ್ಯಾಮ್."

"ಡಾಕ್ಟರ್ ಆಗೋದು?"

"ಅದು ಬೇಕು. ಅದು ನಿಜ."

ಆ ಎರಡು ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ಡಾಕ್ಟರ್ ಆಗಲೇಬೇಕು ಅನ್ನುವ ಹುಡುಗಿ ಎಲ್ಲಿ ಕಲಿಯುತ್ತೇನೆ ಎಂಬುದನ್ನು ಹೀಗೆ ಬಿಟ್ಟುಕೊಡುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಕೊನೆಗೆ ಅವಳೇ ಹೇಳಿದಳು. ಪಿಯುಸಿ ಎರಡು ವರ್ಷ ಘಟ್ಟದ ಕೆಳಗಿನ ಒಂದು ಹಾಸ್ಟೆಲ್ ಕಾಲೇಜಿನಲ್ಲಿ ಓದಿದ್ದಳು. ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಿದ್ದರು. ವಾರವಾರ ಟೆಸ್ಟು, ಟೆಸ್ಟಿನ ಅಂಕದ ಪ್ರಕಾರ ಊಟದ ಹಾಲಿನಲ್ಲಿ ಕೂರುವ ಸಾಲು. ಎರಡನೇ ವರ್ಷ ಅವಳು ಯಾವಾಗಲೂ ಕೊನೆಯ ಸಾಲು. ಈಗ ಅಪ್ಪ ಇಟ್ಟಿದ್ದು ಎರಡೇ ದಾರಿ: ಅದೇ ಹಾಸ್ಟೆಲಿನಲ್ಲಿ ಒಂದು ವರ್ಷ ಲಾಂಗ್ ಟರ್ಮ್ (ಮತ್ತೆ ನೀಟ್ ಬರೆಯಲು ತರಬೇತಿ), ಇಲ್ಲವಾದರೆ ವಿದೇಶ.

"ಮತ್ತೆ ಅಲ್ಲಿಗೆ ಹೋಗಲ್ಲ ಮ್ಯಾಮ್. ಅದಕ್ಕಿಂತ ಎಲ್ಲಿಗೆ ಬೇಕಾದರೂ ಹೋಗ್ತೇನೆ."

ಆರು ವರ್ಷದ ಓದನ್ನು ಅವಳು ಒಂದು ಹಾಸ್ಟೆಲಿನಿಂದ ತಪ್ಪಿಸಿಕೊಳ್ಳಲು ಆರಿಸುತ್ತಿದ್ದಳು. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಂಥ ಮಕ್ಕಳನ್ನು ನಾನು ಪ್ರತಿ ಜೂನ್, ಜುಲೈಯಲ್ಲಿ ನೋಡುತ್ತೇನೆ. ಮನೆಯವರು ಫೀಸು, ದೇಶ, ಹವೆ ಎಲ್ಲವನ್ನೂ ಲೆಕ್ಕ ಹಾಕುತ್ತಾರೆ. ಮಗು ಯಾಕೆ ಹೂಂ ಅಂದಿತು ಅಂತ ಮಾತ್ರ ಕೇಳುವುದಿಲ್ಲ. ಅವಳ ಒಪ್ಪಿಗೆ ಪಡೆದು ಅಪ್ಪ ಅಮ್ಮನಿಗೆ ಈ ವಿಷಯ ತಿಳಿಸಿದೆ. ಅಮ್ಮ ಅತ್ತರು. ಅಪ್ಪ ಫೈಲಿನ ದಾರವನ್ನು ಬೆರಳಿಗೆ ಸುತ್ತುತ್ತಾ ಕುಳಿತರು. "ಒಂದು ಮಾತು ಹೇಳಬಾರದಿತ್ತಾ?" ಅಂತ ಮಾತ್ರ ಕೇಳಿದರು. ಗಟ್ಟಿ ದನಿಯಲ್ಲಿ ಕೇಳಲಿಲ್ಲ.

ನನ್ನ ಮೊದಲ ಸಲಹೆ: ಶನಿವಾರ ಒಂದು ರೂಪಾಯಿಯನ್ನೂ ಕಟ್ಟಬೇಡಿ. ವಿದೇಶದಲ್ಲಿ ಸೇರುವುದಕ್ಕೆ ನೀಟ್ ಅರ್ಹತೆ ಫಲಿತಾಂಶ ಬಂದ ದಿನದಿಂದ ಮೂರು ವರ್ಷ ನಡೆಯುತ್ತದೆ. 2025ರಲ್ಲಿ ಪಾಸಾದ ಹುಡುಗಿ ಮುಂದಿನ ವರ್ಷವೂ ಹೋಗಬಹುದು, ಅದರ ಮುಂದಿನ ವರ್ಷವೂ ಹೋಗಬಹುದು. ಪುಸ್ತಿಕೆ ಕೊಟ್ಟ ಏಜೆಂಟ್ ಇದನ್ನು ಈ ಮನೆಯವರಿಗೆ ಹೇಳಿರಲಿಲ್ಲ. ಕೇಳಿದ ಮೇಲೆ ಮೂವರ ಕೂರುವ ಭಂಗಿಯೇ ಬದಲಾಯಿತು.

ಆಮೇಲೆ ಪುಸ್ತಿಕೆಗಳನ್ನು ಕೈಗೆತ್ತಿಕೊಂಡೆವು. ಮೂರರ ಮೇಲೂ 'ಎನ್‌ಎಂಸಿ ಅನುಮೋದಿತ' ಅಂತ ದಪ್ಪ ಅಕ್ಷರದಲ್ಲಿತ್ತು. ಎನ್‌ಎಂಸಿ, ಅಂದರೆ ರಾಷ್ಟ್ರೀಯ ವೈದ್ಯಕೀಯ ಆಯೋಗ, ವಿದೇಶಿ ಕಾಲೇಜುಗಳಿಗೆ ಅನುಮೋದನೆ ಕೊಡುವುದೇ ಇಲ್ಲ, ಅಂಥ ಪಟ್ಟಿಯೂ ಇಲ್ಲ. ಇರುವುದು 2021ರ ನವೆಂಬರಿನಲ್ಲಿ ಬಂದ ನಿಯಮ. ಅದಕ್ಕೆ ನಮ್ಮ ಕೋರ್ಸು ಹೊಂದುತ್ತದಾ ಅಂತ ನಾವೇ ನೋಡಿಕೊಳ್ಳಬೇಕು. ಹೊಂದದಿದ್ದರೆ ತಿರುಗಿ ಬಂದ ಮೇಲೆ ಇಲ್ಲಿ ರೋಗಿಯನ್ನು ಮುಟ್ಟುವ ಹಾಗಿಲ್ಲ.

ನಿಯಮ ಕಷ್ಟದ್ದಲ್ಲ. ಓದು ಕನಿಷ್ಠ 54 ತಿಂಗಳು ಇರಬೇಕು. ಅದರ ಮೇಲೆ 12 ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಆಗಬೇಕು. ಪಾಠ ಇಂಗ್ಲಿಷಿನಲ್ಲಿ ನಡೆಯಬೇಕು. ಆ ದೇಶದ ಪ್ರಜೆಗೆ ಯಾವ ಲೈಸೆನ್ಸ್ ಸಿಗುತ್ತದೋ ಅದಕ್ಕೆ ಸಮನಾದದ್ದು ನಮ್ಮ ಮಗುವಿಗೂ ಸಿಗುವಂತಿರಬೇಕು. ಸೇರಿದ ಹತ್ತು ವರ್ಷದೊಳಗೆ ಎಲ್ಲ ಮುಗಿಯಬೇಕು. ಇಲ್ಲಿಗೆ ಬಂದ ಮೇಲೆ ಪರೀಕ್ಷೆ ಪಾಸಾಗಿ ಮತ್ತೆ ಒಂದು ವರ್ಷ ಇಂಟರ್ನ್‌ಶಿಪ್.

ಫಿಲಿಪ್ಪೀನ್ಸ್ ಪುಸ್ತಿಕೆಯಲ್ಲಿ ಎರಡು ವರ್ಷ ಬಿಎಸ್ (ವೈದ್ಯ ಕೋರ್ಸಿಗೆ ಮೊದಲಿನ ಓದು), ನಾಲ್ಕು ವರ್ಷ ಎಂಡಿ (ಅಲ್ಲಿನ ವೈದ್ಯ ಪದವಿ) ಅಂತಿತ್ತು. ಒಟ್ಟು ಆರು ವರ್ಷ ಅಂತ ಅಪ್ಪ ಲೆಕ್ಕ ಹಾಕಿದ್ದರು. ಆದರೆ ಬಿಎಸ್ ವೈದ್ಯ ಕೋರ್ಸಿನ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕು ವರ್ಷ ಅಂದರೆ 48 ತಿಂಗಳು. ಅಲ್ಲಿಗೇ ಆ ಪುಸ್ತಿಕೆಯನ್ನು ಮಡಚಿ ಪಕ್ಕಕ್ಕಿಟ್ಟೆ.

ಉಳಿದ ಎರಡರ ಬಗ್ಗೆ ಜಾಸ್ತಿ ಹೊತ್ತು ಮಾತಾಡಿದೆವು. ಅದರಲ್ಲೂ ಭಾಷೆಯ ಬಗ್ಗೆ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಸರಿ. ವಾರ್ಡಿನಲ್ಲಿ ಮಲಗಿರುವ ಅಜ್ಜಿ ಇಂಗ್ಲಿಷ್ ಮಾತಾಡುತ್ತಾಳಾ? ಕಿರ್ಗಿಸ್ತಾನದ ಬಿಶ್‌ಕೆಕ್‌ನಲ್ಲಿ ಅವಳು ಕಿರ್ಗಿಜ್ ಅಥವಾ ರಷ್ಯನ್ ಮಾತಾಡುತ್ತಾಳೆ. ಜಾರ್ಜಿಯಾದ ಟಿಬಿಲಿಸಿಯಲ್ಲಿ ಜಾರ್ಜಿಯನ್, ಅದಕ್ಕೆ ಬೇರೆಯೇ ಲಿಪಿ. ಮೂರನೇ ವರ್ಷದಿಂದ ಓದು ಎಂದರೆ ರೋಗಿಯ ಹಾಸಿಗೆಯ ಪಕ್ಕ ನಿಂತು ಕೇಳುವುದು. ಎಲ್ಲಿ ನೋವು, ಯಾವಾಗಿಂದ, ಊಟ ಆದ ಮೇಲೆ ಜಾಸ್ತಿಯಾ, ಬೆನ್ನಿಗೆ ಹೋಗುತ್ತದಾ. ನಮ್ಮಲ್ಲಿ ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬಂದ ಹೆಂಗಸು 'ಹೊಟ್ಟೆ ಉರಿ' ಅನ್ನುವುದಕ್ಕೂ 'ಹೊಟ್ಟೆ ಹಿಡಿದುಕೊಳ್ಳುತ್ತದೆ' ಅನ್ನುವುದಕ್ಕೂ ಎಷ್ಟು ವ್ಯತ್ಯಾಸ! ಅದನ್ನು ಕಿವಿಯಿಂದಲೇ ಕಲಿಯಬೇಕು. ಅಲ್ಲಿನ ಭಾಷೆ ಕಲಿಯದ ಹುಡುಗರು ಮೂರು ವರ್ಷವೂ ಹಿಂದಿನ ಸಾಲಿನಲ್ಲೇ ನಿಂತು ತಲೆಯಾಡಿಸಿ ವಾಪಸ್ ಬರುತ್ತಾರೆ. ಕೊನೆಯ ಸಾಲಿನಿಂದ ಓಡಿಹೋಗುತ್ತಿದ್ದ ಪೂವಿಗೆ ಇದನ್ನು ಹೇಳುವಾಗ ನನಗೂ ಸಂಕಟವಾಯಿತು. ಆದರೆ ಮುಚ್ಚಿಡುವಂತಿರಲಿಲ್ಲ. ಅವಳು ಮೊದಲ ಸಲ ನೋಟ್‌ಬುಕ್ ತೆಗೆದು ಬರೆದುಕೊಂಡಳು.

ತಿರುಗಿ ಬಂದವರು ಬರೆಯುವ ಎಫ್‌ಎಂಜಿಇ ಪರೀಕ್ಷೆ 300 ಅಂಕದ್ದು, 150 ಬಂದರೆ ಪಾಸು. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಇದರ ಬದಲು ನೆಕ್ಸ್ಟ್ ಪರೀಕ್ಷೆ ಬರುತ್ತದೆ ಅಂತ ಕಾನೂನಿನಲ್ಲಿದೆ, ಬರುವ ತನಕ ಇದೇ. ಇತ್ತೀಚಿನ ಹಲವು ಪರೀಕ್ಷೆಗಳಲ್ಲಿ ಪಾಸಾದವರು ನಾಲ್ಕರಲ್ಲಿ ಒಬ್ಬರು, ಐದರಲ್ಲಿ ಒಬ್ಬರು. ಅಪ್ಪ ಬೆಚ್ಚಿದರು. ಪುಸ್ತಿಕೆಯಲ್ಲಿ ಇದರ ಸುದ್ದಿಯೇ ಇರಲಿಲ್ಲ. ಪರೀಕ್ಷೆ ನಡೆಸುವ ಮಂಡಳಿ ಯಾವ ದೇಶದ ಯಾವ ಕಾಲೇಜಿನಿಂದ ಎಷ್ಟು ಜನ ಬರೆದರು, ಎಷ್ಟು ಜನ ಪಾಸಾದರು ಅಂತ ಪ್ರಕಟಿಸಿದೆ. ಆ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆರೆದು ಪೂವಿಯ ಮುಂದೆ ಇಟ್ಟೆ. ದೇಶದ ಹೆಸರಿನ ಮೇಲೆ ತೀರ್ಮಾನ ಮಾಡಬೇಡ, ಕಾಲೇಜಿನ ಸಾಲು ಹುಡುಕು ಅಂದೆ. ಒಂದೇ ದೇಶದಲ್ಲಿ ಒಂದು ಕಾಲೇಜಿಗೂ ಇನ್ನೊಂದಕ್ಕೂ ಅಜಗಜಾಂತರ ಇರುವುದು ಅವಳಿಗೇ ಕಂಡಿತು.

ಸುರಕ್ಷತೆಯ ಪ್ರಶ್ನೆ ಎತ್ತಿದ್ದು ಅಮ್ಮ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ಹುಡುಗ ಉಕ್ರೇನಿನ ಹಾರ್ಕಿವ್‌ನಲ್ಲಿ ತೀರಿಹೋದದ್ದನ್ನು ಯಾವ ತಾಯಿ ಮರೆತಾಳು? ಬಿಶ್‌ಕೆಕ್‌ನಲ್ಲಿ 2024ರ ಮೇ ತಿಂಗಳಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗಳಿಗೆ ಗುಂಪು ನುಗ್ಗಿತ್ತು. ಹಾಗಂತ ಪಕ್ಕದ ದೇಶ ಗಟ್ಟಿ ಅನ್ನುವಂತಿಲ್ಲ. ಬಾಂಗ್ಲಾದೇಶದಲ್ಲಿ ಕಾಯಿಲೆಗಳೂ ಪಾಠಕ್ರಮವೂ ನಮ್ಮದಕ್ಕೆ ಹತ್ತಿರ, ಆದರೆ 2024ರ ಜುಲೈನಲ್ಲಿ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಗಡಿ ದಾಟಿ ಓಡಿಬಂದರು. ನೇಪಾಳದ ಎಂಬಿಬಿಎಸ್ ನಾಲ್ಕೂವರೆ ವರ್ಷ, ಅಂದರೆ ಸರಿಯಾಗಿ 54 ತಿಂಗಳು, ಜೊತೆಗೆ ಒಂದು ವರ್ಷ ಇಂಟರ್ನ್‌ಶಿಪ್. ಹಿಂದಿ ಬಂದರೆ ರೋಗಿಯ ಜೊತೆ ಮಾತು ನಡೆಯುತ್ತದೆ. ಆದರೆ ಅಲ್ಲಿನ ಪ್ರವೇಶ ಪರೀಕ್ಷೆ ಬರೆಯಬೇಕು, ಫೀಸೂ ಜಾಸ್ತಿ. ನಾವು ಮಾತಾಡಿದ ಎರಡು ತಿಂಗಳಿಗೆ ಅಲ್ಲೂ ಗಲಾಟೆಯಾಗಿ ಸರ್ಕಾರ ಬಿತ್ತು.

ಅದಕ್ಕೆ ನಾನು ಅಮ್ಮನಿಗೆ ಹೇಳಿದ್ದು ಇಷ್ಟು: ಆರು ವರ್ಷ ಏನೂ ಆಗದ ದೇಶ ನನಗೆ ಗೊತ್ತಿಲ್ಲ. ಆದರೆ ಗೊತ್ತಿರಬೇಕಾದ್ದು ಒಂದಿದೆ. ಮಧ್ಯದಲ್ಲಿ ಕಾಲೇಜು ಬದಲಿಸಲು ನಿಯಮದಲ್ಲಿ ದಾರಿಯಿಲ್ಲ. ಉಕ್ರೇನಿನ ಮಕ್ಕಳಿಗೆ 2022ರಲ್ಲಿ ಕೊಟ್ಟ ವಿನಾಯಿತಿ ಅವರಿಗಾಗಿ ಮಾತ್ರ. ಆದ್ದರಿಂದ ಒಂದು ಸಲದ ವಿಮಾನ ಟಿಕೆಟ್ಟಿನ ದುಡ್ಡು ಯಾವಾಗಲೂ ಮಗಳ ಖಾತೆಯಲ್ಲಿ ಬೇರೆಯಾಗಿ ಇರಲಿ. ಇಳಿದ ವಾರವೇ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಲಿ.

ದುಡ್ಡಿನ ಮಾತು ಅಪ್ಪನದು. ಹಿಂದಿನ ಫಸಲಿಗೆ ರೋಬಸ್ಟಾ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) 50 ಕೆಜಿ ಚೀಲಕ್ಕೆ 10 ಸಾವಿರ ದಾಟಿತ್ತು. ಆ ಧೈರ್ಯದ ಮೇಲೆಯೇ ಅವರು ಬಂದಿದ್ದರು. ನನ್ನ ಮನೆಯವರದ್ದೂ ಕಾಫಿಯೇ. ಅದೇ ಚೀಲ ಮೂರೂವರೆ ಸಾವಿರಕ್ಕೆ ಹೋದ ವರ್ಷಗಳು ನಮ್ಮಿಬ್ಬರಿಗೂ ನೆನಪಿವೆ. ಫೀಸು ಡಾಲರಿನಲ್ಲಿ. 5,000 ಡಾಲರ್ ಫೀಸು 2020ರಲ್ಲಿ ಸುಮಾರು 3 ಲಕ್ಷ 70 ಸಾವಿರ ರೂಪಾಯಿ, 2025ರಲ್ಲಿ 4 ಲಕ್ಷ 30 ಸಾವಿರ. ಕಾಲೇಜು ಒಂದು ಪೈಸೆ ಏರಿಸದೆಯೂ ಅಷ್ಟು ಏರಿತು. ಇನ್ನು ಸಾಲ. ಅವರ ಜಾಗದಲ್ಲಿ ಹೆಚ್ಚಿನ ಪಾಲು ಜಮ್ಮಾ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಾಗ. ಪಹಣಿಯಲ್ಲಿ ಪಟ್ಟೆದಾರರ ಹೆಸರು, ಜೊತೆಗೆ ಒಕ್ಕದ, ಅಂದರೆ ಅದೇ ವಂಶದ, ಹತ್ತಾರು ಜನ. ಅದನ್ನು ಅಡ ಇಡಲು ಬ್ಯಾಂಕಿಗೆ ಹೋದರೆ ಎಷ್ಟು ಓಡಾಟ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ದೇಶ ಆರಿಸುವ ಮೊದಲು ಬ್ಯಾಂಕಿಗೆ ಹೋಗಿ, ಎಷ್ಟು ಸಾಲ ಕೊಡುತ್ತಾರೆ ಅಂತ ಬರಹದಲ್ಲಿ ತನ್ನಿ ಅಂದೆ. ಪುಸ್ತಿಕೆಯ ಮೊತ್ತಕ್ಕೆ ಊಟ, ವೀಸಾ, ಪ್ರಯಾಣ, ತಿರುಗಿ ಬಂದ ಮೇಲೆ ಪರೀಕ್ಷೆಗೆ ಓದುವ ಒಂದು ವರ್ಷ, ಇಷ್ಟನ್ನೂ ಸೇರಿಸಿ ಬರೆಸಿದೆ. ಅಪ್ಪ ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಮೂರನೇ ಭೇಟಿಯಲ್ಲಿ ತೀರ್ಮಾನವಾಯಿತು. ಪೂವಿ ಇನ್ನೊಂದು ಸಲ ನೀಟ್ ಬರೆಯುತ್ತಾಳೆ, ಮನೆಯಲ್ಲೇ ಇದ್ದು ಓದಿ. ಹಾಸ್ಟೆಲ್ ಇಲ್ಲ. ನೆಂಟರು ಕೈಲ್‌ಪೊಳ್ದ್ ಹಬ್ಬಕ್ಕೆ ಬಂದಾಗ 'ಮುಂದೇನು' ಅಂತ ಕೇಳಿದರೆ ಉತ್ತರ ಕೊಡುವುದು ಅಪ್ಪನ ಕೆಲಸ, ಅವಳದಲ್ಲ. ಇದನ್ನು ನಾನೇ ಒತ್ತಿ ಹೇಳಿದೆ. ಸರ್ಕಾರಿ ಸೀಟು ಬರದಿದ್ದರೆ ವಿದೇಶ. ಆದರೆ ಆ ಕಾಲೇಜನ್ನು ಈ ವರ್ಷವೇ ಅವಳು ಪರೀಕ್ಷಿಸಿ ಇಟ್ಟುಕೊಳ್ಳಬೇಕು, ಏಜೆಂಟ್ ಮೂಲಕ ಅಲ್ಲ. ನರ್ಸಿಂಗ್, ಆಯುರ್ವೇದದ ದಾರಿಗಳನ್ನೂ ಮುಂದಿಟ್ಟೆ. ಅವಳು ಗಮನವಿಟ್ಟು ಕೇಳಿ, ಬೇಡ ಅಂದಳು. ಈ ಸಲದ 'ಬೇಡ' ಅವಳದ್ದೇ ಅನ್ನಿಸಿತು.

ನವೆಂಬರಿನಲ್ಲಿ ಫೋನ್ ಬಂತು. ಮೂರು ವಿಶ್ವವಿದ್ಯಾಲಯಗಳಿಗೆ ಅವಳೇ ಇಮೇಲ್ ಬರೆದಿದ್ದಳು. ಇಂಟರ್ನ್‌ಶಿಪ್ ಬಿಟ್ಟು ಓದು ಎಷ್ಟು ತಿಂಗಳು, ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ, ಲೈಸೆನ್ಸ್ ನಿಮ್ಮ ಪ್ರಜೆಗಳಿಗೆ ಕೊಡುವಂಥದ್ದೇನಾ, ರೋಗಿಗಳ ಭಾಷೆಯನ್ನು ಎಷ್ಟು ಸೆಮಿಸ್ಟರ್ ಕಲಿಸುತ್ತೀರಿ ಅಂತ. ಒಂದು ಕಡೆಯಿಂದ ಉತ್ತರವೇ ಇಲ್ಲ. ಇನ್ನೊಂದು ಕಡೆಯವರು ಮೈಸೂರಿನ ಏಜೆಂಟ್ ಒಬ್ಬರ ನಂಬರ್ ಕಳಿಸಿದರು. ಮೂರನೆಯವರು, ಜಾರ್ಜಿಯಾದವರು, ನಾಲ್ಕಕ್ಕೂ ಬರಹದಲ್ಲಿ ಉತ್ತರ ಕೊಟ್ಟು, ಐದನೇ ವರ್ಷದಲ್ಲಿರುವ ಒಬ್ಬಳು ಕನ್ನಡದ ಹುಡುಗಿಯ ಜೊತೆ ಮಾತಾಡಲು ಏರ್ಪಾಡು ಮಾಡಿದ್ದರು.

"ಅವರನ್ನು ಒಂದು ಗಂಟೆ ಮಾತಾಡಿಸಿದೆ ಮ್ಯಾಮ್," ಅಂದಳು ಪೂವಿ. "ಜಾರ್ಜಿಯನ್ ಭಾಷೆಯಲ್ಲಿ 'ಎಲ್ಲಿ ನೋವು' ಅನ್ನೋದು ಹೇಗೆ ಅಂತ ಮೊದಲು ಕೇಳಿದೆ. ತಡವರಿಸದೆ ಹೇಳಿದರು. ಅದಕ್ಕೇ ಆ ಕಾಲೇಜನ್ನು ಪಟ್ಟಿಯಲ್ಲಿ ಇಟ್ಟುಕೊಂಡೆ."