ಹ್ಯಾಂಡಲ್ ಸಣ್ಣದು, ಸ್ಟೆಮ್ ದೊಡ್ಡದು

ಪ್ರಶ್ನೆ: ನನಗೆ 52 ವರ್ಷ. ಮಗ ಓದಲು ಬೆಂಗಳೂರಿಗೆ ಹೋದ ಮೇಲೆ ಅವನ ಹಳೆ ರೇಸ್ ಸೈಕಲ್ ನಾನೇ ಓಡಿಸುತ್ತಿದ್ದೇನೆ. ಕೆಳಕ್ಕೆ ಬಾಗಿದ ಹ್ಯಾಂಡಲ್ ಹಿಡಿದರೆ ಸೊಂಟ ನೋಯುತ್ತದೆ. ಅದಕ್ಕೆ ಮೌಂಟನ್ ಬೈಕಿನ ನೇರ ಹ್ಯಾಂಡಲ್ ಒಂದು ತಂದೆ. ಬೋಲ್ಟ್ ಎಷ್ಟು ಬಿಗಿ ಮಾಡಿದರೂ ಹ್ಯಾಂಡಲ್ ತಿರುಗುತ್ತದೆ. ಹ್ಯಾಂಡಲನ್ನು ಹಿಡಿದುಕೊಳ್ಳುವ ಸ್ಟೆಮ್ ಮೇಲೆ 26.0 ಅಂತಿದೆ, ಹ್ಯಾಂಡಲ್ ಮೇಲೆ 25.4. ಟ್ಯೂಬಿನ ತುಂಡು ಸುತ್ತಿ ಬಿಗಿ ಮಾಡಿ ಅಂತ ಒಬ್ಬರು ಹೇಳಿದರು. ಮಾಡಬಹುದಾ ಅಣ್ಣಾ? ಸೈಕಲ್ ಫೋಟೋ ಕಳಿಸಿದ್ದೇನೆ.
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಟ್ಯೂಬಿನ ತುಂಡು ದಯವಿಟ್ಟು ಹಾಕಬೇಡಿ. ರಬ್ಬರ್ ಒತ್ತಿದರೆ ಜಗ್ಗುತ್ತದೆ. ಮನೆ ಅಂಗಳದಲ್ಲಿ ಗಟ್ಟಿಯಾಗಿಯೇ ಕೂತಂತೆ ಕಾಣುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಮೈಭಾರವೆಲ್ಲ ಕೈಗೆ ಬಂದಾಗ ಹ್ಯಾಂಡಲ್ ಮುಂದಕ್ಕೆ ಉರುಳುತ್ತದೆ. ನಮ್ಮ ಕೊಡಗಿನಲ್ಲಿ ಇಳಿಜಾರಿಲ್ಲದ ದಾರಿ ಎಲ್ಲಿದೆ ಹೇಳಿ?

ಈ ಎರಡು ಅಳತೆ ಯಾಕೆ ಬಂತು ಅಂದರೆ, 25.4 ಮಿ.ಮೀ. ಅಂದರೆ ಸರಿಯಾಗಿ ಒಂದು ಇಂಚು. ಹಳೆ ಮೌಂಟನ್ ಬೈಕಿನ ಹ್ಯಾಂಡಲ್‌ಗಳು ಹೆಚ್ಚಾಗಿ ಇದೇ ಅಳತೆಯವು. 26.0 ಇಟಲಿಯವರ ರೇಸ್ ಸೈಕಲ್‌ಗಳಿಂದ ಬಂದ ಅಳತೆ. ಬರೀ 0.6 ವ್ಯತ್ಯಾಸ, ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಸುತ್ತಳತೆಯಲ್ಲಿ ಅದು ಸುಮಾರು 2 ಮಿ.ಮೀ. ಆಗುತ್ತದೆ. ಅಷ್ಟನ್ನು ಎಳೆದು ಹಿಡಿಯಲು ಹೋದರೆ ಸ್ಟೆಮ್ ದುಂಡಗೆ ಉಳಿಯುವುದಿಲ್ಲ. ಎಲ್ಲೋ ಎರಡು ಕಡೆ ಮಾತ್ರ ಕಚ್ಚುತ್ತದೆ, ಉಳಿದ ಕಡೆ ಗಾಳಿ.

ಮೇಲೆ ಬರೆದ ಸಂಖ್ಯೆಯನ್ನು ಒಮ್ಮೆ ಪರೀಕ್ಷಿಸಿ. ದಪ್ಪ ಅಳೆಯುವ ವರ್ನಿಯರ್ ಇಲ್ಲದಿದ್ದರೆ ಚಿಂತೆ ಇಲ್ಲ. ಕಾಗದದ ಪಟ್ಟಿ ಒಂದನ್ನು ಹ್ಯಾಂಡಲ್‌ನ ನಡುಭಾಗಕ್ಕೆ ಬಿಗಿಯಾಗಿ ಸುತ್ತಿ, ತುದಿ ಕೂಡಿದ ಕಡೆ ಪೆನ್ಸಿಲ್ ಗುರುತು ಹಾಕಿ, ಬಿಚ್ಚಿ ಅಳೆಯಿರಿ. ಸುಮಾರು 80 ಮಿ.ಮೀ. ಬಂದರೆ ಅದು 25.4. ಸುಮಾರು 82 ಬಂದರೆ 26.0. ಸರಿಸುಮಾರು 100 ಬಂದರೆ ಈಗಿನ 31.8.

ನಿಮ್ಮದು ಹೇಳಿದ ಹಾಗೇ ಇದ್ದರೆ ದಾರಿ ಇದೆ. ನಡುವೆ ತೆಳು ತಗಡು ಕೊಡಬೇಕು. ನಮ್ಮ ಕೆಲಸದಲ್ಲಿ ಅದಕ್ಕೆ ಶಿಮ್ ಅಂತೀವಿ. ನಾನು 31 ವರ್ಷ ಸುಂಟಿಕೊಪ್ಪದ ಸುತ್ತಮುತ್ತಲ ತೋಟಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ರಿಪೇರಿ ಮಾಡಿದವನು. ಪಲ್ಪರ್‌ನಲ್ಲಿ ಹಣ್ಣಿನ ಗಾತ್ರಕ್ಕೆ ತಕ್ಕ ಹಾಗೆ ಗ್ಯಾಪ್ ಕೂರಿಸಬೇಕು. ಸ್ವಲ್ಪ ಕಡಿಮೆಯಾದರೆ ಬೀಜ ಜಜ್ಜುತ್ತದೆ, ಜಾಸ್ತಿಯಾದರೆ ಹಣ್ಣು ಹಾಗೇ ಇಳಿದುಹೋಗುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಎಷ್ಟು ಬೆಲೆ ಅಂತ ನನಗೆ ಕಲಿಸಿದ್ದು ಆ ಯಂತ್ರ.

ಆದರೂ ಸೈಕಲ್ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ. ನಿಮ್ಮ ಹಾಗೇ 0.6 ವ್ಯತ್ಯಾಸ ಇತ್ತು. ಕೂಲ್‌ಡ್ರಿಂಕ್ಸ್ ಟಿನ್ ಕತ್ತರಿಸಿದೆ. ಅದರ ತಗಡು ಸುಮಾರು 0.1 ಮಿ.ಮೀ. ದಪ್ಪ. ಮೂರು ಸುತ್ತು ಸುತ್ತಿದರೆ 0.3, ಲೆಕ್ಕ ಸರಿಯಾಯಿತು ಅಂದುಕೊಂಡೆ. ಎರಡು ವಾರ ಏನೂ ಆಗಲಿಲ್ಲ. ಒಂದು ಸಂಜೆ ಮಡಿಕೇರಿಯಿಂದ ಬರುವಾಗ ಬೋಯಿಕೇರಿ ಹತ್ತಿರ, ಜಿಟಿಜಿಟಿ ಮಳೆಯಲ್ಲಿ, ಹಸು ಅಡ್ಡ ಬಂತು ಅಂತ ಜೋರಾಗಿ ಬ್ರೇಕ್ ಹಿಡಿದೆ. ಹ್ಯಾಂಡಲ್ ಕೆಳಗೆ ಉರುಳಿತು, ಕೈ ಜಾರಿತು. ಎಡ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್.

ಆಮೇಲೆ ಬಿಚ್ಚಿ ನೋಡಿದೆ. ಟಿನ್ ಮಡಿಕೆ ಮಡಿಕೆಯಾಗಿ ಮುದುಡಿತ್ತು. ಒಳಸುತ್ತಿನ ಕೆಂಪು ಬಣ್ಣ ಉಜ್ಜಿ ಹೋಗಿ ಕಪ್ಪು ಪುಡಿ ಕೂತಿತ್ತು. ಹ್ಯಾಂಡಲ್ ಆಗಲಿ ಸ್ಟೆಮ್ ಆಗಲಿ ತಗಡಿನ ಮೇಲೆ ಜಾರಿರಲಿಲ್ಲ. ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಜಾರಿತ್ತು. ಬಣ್ಣ ಬಳಿದ ನುಣುಪು ತಗಡು ಬೇರೆ. ಅದಕ್ಕೇ ಹೇಳುತ್ತಿದ್ದೇನೆ: ಎಷ್ಟು ದಪ್ಪ ಬೇಕೋ ಅಷ್ಟೂ ಒಂದೇ ಪದರದಲ್ಲಿ ಇರಬೇಕು.

ನಿಮಗೆ ಬೇಕಾದ್ದು 0.3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು. 0.6ರ ಅರ್ಧ, ಯಾಕೆಂದರೆ ಅದು ಎರಡೂ ಬದಿಗೆ ಬರುತ್ತದೆ. ಮೋಟಾರ್ ರಿಪೇರಿಯವರ ಹತ್ತಿರ ಹಿತ್ತಾಳೆ ಶಿಮ್ ಸುಲಭವಾಗಿ ಸಿಗುತ್ತದೆ, ನನ್ನ ಪೆಟ್ಟಿಗೆಯಲ್ಲೂ ಇದೆ. ಬೇರೆ ಊರಿನವರಿಗಾದರೆ ಅದೂ ನಡೆಯುತ್ತದೆ ಅಂತಿದ್ದೆ. ನಮ್ಮ ಜೂನ್-ಜುಲೈ ಮಳೆಯಲ್ಲಿ ಹಿತ್ತಾಳೆಯೂ ಅಲ್ಯೂಮಿನಿಯಮ್ಮೂ ಒದ್ದೆಯಾಗಿ ಅಂಟಿಕೊಂಡಿದ್ದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದುಹೋಗುತ್ತದೆ. ನಿಮ್ಮ ಹ್ಯಾಂಡಲ್, ಸ್ಟೆಮ್ ಎರಡೂ ಅಲ್ಯೂಮಿನಿಯಂ. ಹಿತ್ತಾಳೆ ಬೇಡ.

ಪಟ್ಟಿಯ ಅಗಲ ಸ್ಟೆಮ್ ಹಿಡಿಯುವ ಭಾಗದಷ್ಟೇ ಇರಲಿ. ಉದ್ದ 77 ಮಿ.ಮೀ. ಸಾಕು. ತುದಿಗಳು ಒಂದರ ಮೇಲೊಂದು ಬರಬಾರದು, ಆ ಸಂದು ಬೋಲ್ಟ್ ಬಿಗಿ ಮಾಡುವ ಸ್ಟೆಮ್‌ನ ಸೀಳಿಗೇ ಸರಿಯಾಗಿ ಕೂರಬೇಕು. ಕತ್ತರಿಸಿದ ಅಂಚನ್ನು ಎಮರಿ ಪೇಪರಿನಲ್ಲಿ ಬೆರಳಿಗೆ ಚುಚ್ಚದಷ್ಟು ನಯ ಮಾಡಿ. ಚೂಪಾದ ಅಂಚು ಹ್ಯಾಂಡಲ್ ಮೇಲೆ ಗೀರಿದರೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಹ್ಯಾಂಡಲ್, ಸ್ಟೆಮ್, ತಗಡು ಮೂರನ್ನೂ ಸ್ಪಿರಿಟ್ ಹಾಕಿ ಒರೆಸಿ. ಗ್ರೀಸ್ ಬೇಡ. ಮೊದಲು ತಗಡನ್ನು ಸ್ಟೆಮ್ ಒಳಗೆ ಕೂರಿಸಿ, ಆಮೇಲೆ ಹ್ಯಾಂಡಲ್ ತೂರಿಸಿ. ಫೋಟೋದಲ್ಲಿ ನಿಮ್ಮ ಸ್ಟೆಮ್ ಒಂದೇ ಬೋಲ್ಟಿನದು. ಬಿಗಿ ಮಾಡಿದ ಮೇಲೂ ಸೀಳು ಪೂರ್ತಿ ಮುಚ್ಚಬಾರದು. ಮುಚ್ಚಿದರೆ ತಗಡು ತೆಳುವಾಯಿತು ಅಂತ ಅರ್ಥ.

ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು, ಎರಡೂ ಕೈಯಿಂದ ಹ್ಯಾಂಡಲ್ ಮೇಲೆ ಮೈಭಾರ ಹಾಕಿ ಒತ್ತಿ. ಹ್ಯಾಂಡಲ್‌ಗೂ ಸ್ಟೆಮ್‌ಗೂ ಅಡ್ಡವಾಗಿ ಪೆನ್ನಿನಲ್ಲಿ ಒಂದು ಗೆರೆ ಎಳೆದಿಡಿ. ಪೇಟೆಗೆ ಹೋಗಿ ಬಂದ ಮೇಲೆ ಆ ಗೆರೆ ತುಂಡಾಗಿದ್ದರೆ ಹ್ಯಾಂಡಲ್ ಜಾರಿದೆ. ಒಂದು ತಿಂಗಳು ಆ ಗೆರೆ ನೋಡುತ್ತಿರಿ. ಕಿರ್ ಕಿರ್ ಅಂತ ಸದ್ದು ಬಂದರೂ ಬಿಚ್ಚಿ ನೋಡಿ.

ನೀವು ಕೇಳದ ಒಂದು ಮಾತು. ಮಗನ ಸೈಕಲಿನ ಬ್ರೇಕ್ ಲಿವರ್‌ಗಳು ಹೊಸ ಹ್ಯಾಂಡಲ್‌ಗೆ ಕೂರುವುದಿಲ್ಲ. ನೇರ ಹ್ಯಾಂಡಲ್‌ನ ತುದಿ 22.2 ಮಿ.ಮೀ., ಬಾಗಿದ್ದು ಸುಮಾರು 23.8. ಅಲ್ಲಿ ತಗಡಿನ ಉಪಾಯ ಮಾಡಬೇಡಿ, ಹೊಸ ಲಿವರ್ ಕೊಳ್ಳಿ. ಕೊಳ್ಳುವಾಗ ಮೌಂಟನ್ ಬೈಕಿನ ವಿ-ಬ್ರೇಕಿನ ಲಿವರ್ ತರಬೇಡಿ. ಅದು ನಿಮ್ಮ ರೇಸ್ ಸೈಕಲಿನ ಕ್ಯಾಲಿಪರ್ ಬ್ರೇಕಿಗೆ ಬೇಕಾದ್ದಕ್ಕಿಂತ ಜಾಸ್ತಿ ಕೇಬಲ್ ಎಳೆಯುತ್ತದೆ. ಹಿಡಿದರೆ ಕಲ್ಲಿನ ಹಾಗೆ ಗಟ್ಟಿ, ಸೈಕಲ್ ಮಾತ್ರ ನಿಲ್ಲುವುದಿಲ್ಲ. ಕ್ಯಾಲಿಪರ್ ಬ್ರೇಕಿನ ನೇರ ಹ್ಯಾಂಡಲ್ ಲಿವರ್ ಅಂತಲೇ ಕೇಳಿ.

ಪ್ರಶ್ನೆ: ನನ್ನ ಸ್ಟೆಮ್ 31.8, ಹ್ಯಾಂಡಲ್ 25.4. ಇದಕ್ಕೂ ತಗಡು ಸುತ್ತಬಹುದಾ?
– ಕುಶಾಲನಗರದ ವಿದ್ಯಾರ್ಥಿ

ಉತ್ತರ: ಸುತ್ತಬೇಡ ತಮ್ಮಾ. ಇಲ್ಲಿ 3.2 ಮಿ.ಮೀ. ದಪ್ಪ ಬೇಕು. ಈ ಅಳತೆಗೆಂದೇ ಮಾಡಿದ ಎರಡು ಹೋಳಿನ ಅಲ್ಯೂಮಿನಿಯಂ ಶಿಮ್ ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇ ಹಾಕು. ಹೋಳುಗಳ ಸಂದು ಸ್ಟೆಮ್ ಮುಚ್ಚಳದ ಸಂದಿಗೆ ಸರಿಯಾಗಿ ಬರಲಿ. ನಾಲ್ಕು ಬೋಲ್ಟ್ ಇದ್ದರೆ ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡು. ಸ್ಟೆಮ್ ಮೇಲೆ ಬರೆದ ಟಾರ್ಕ್, ಅಂದರೆ ಬಿಗಿಯ ಮಿತಿ, ಮೀರಬೇಡ.

ಪ್ರಶ್ನೆ: ನಮ್ಮದು ಉಲ್ಟಾ. ಸ್ಟೆಮ್ 25.4, ಹ್ಯಾಂಡಲ್ 26.0. ಹ್ಯಾಂಡಲನ್ನು ಅರದಿಂದ ಸ್ವಲ್ಪ ಉಜ್ಜಲಾ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಉಜ್ಜಬೇಡಿ. ಹ್ಯಾಂಡಲ್ ಒಳಗೆ ಟೊಳ್ಳು, ಗೋಡೆ ತೆಳು. ಅತಿ ಜಾಸ್ತಿ ಭಾರ ಬೀಳುವುದೂ ನೀವು ಉಜ್ಜಲು ಹೊರಟ ಜಾಗದಲ್ಲೇ. ಸ್ಟೆಮ್ ಸೀಳಿಗೆ ಸ್ಕ್ರೂಡ್ರೈವರ್ ಹಾಕಿ ಅಗಲಿಸಿ ತೂರಿಸುವವರೂ ಇದ್ದಾರೆ. ಅದೂ ಬೇಡ, ಸ್ಟೆಮ್ ಬಿರಿಯುತ್ತದೆ. 26.0 ಸ್ಟೆಮ್ ಒಂದು ಹುಡುಕಿ ತನ್ನಿ. ತರುವಾಗ ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಒಳಗೆ ಇಳಿಯುವ ಸ್ಟೆಮ್‌ನ ಕೊಳವೆಯನ್ನೂ ಅಳೆಯಿರಿ. ಹಳೆ ಸೈಕಲ್‌ಗಳಲ್ಲಿ ಅದು ಹೆಚ್ಚಾಗಿ 22.2, ಕೆಲವದರಲ್ಲಿ 25.4 ಇರುತ್ತದೆ.