ಎರಡು ದಿನದ ಹಾಲಿನ ಲೆಕ್ಕ

2025ರ ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಮೈಸೂರಿನ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಬಂದ ಆಕೆಗೆ ಇಪ್ಪತ್ತರ ನಡುವಿನ ವಯಸ್ಸು. ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಊರು ಮದ್ದೂರಿನ ಕಡೆಯ ಹಳ್ಳಿ. ಕೆಲಸ ಖಾಸಗಿ ಡೇರಿಯೊಂದರ ಕಂಪ್ಯೂಟರ್ ವಿಭಾಗದಲ್ಲಿ. ಮೂರು ವಾರಗಳಿಂದ ಸರಿಯಾದ ನಿದ್ದೆಯಿಲ್ಲ. ರಾತ್ರಿ ಎದ್ದು ಲ್ಯಾಪ್‌ಟಾಪ್ ತೆರೆದು ಹಳೆಯ ವರದಿಗಳನ್ನೆಲ್ಲ ಮತ್ತೆ ಮತ್ತೆ ತಾಳೆ ನೋಡುತ್ತಿದ್ದರು. ಹಬ್ಬಕ್ಕೆ ಊರಿಗೂ ಹೋಗಿರಲಿಲ್ಲ. ದನಗಳಿಗೆ ಕಿಚ್ಚು ಹಾಯಿಸುವ ಸಂಜೆಯನ್ನು ಮಂಡ್ಯದ ಕಡೆಯವರು ಸುಮ್ಮನೆ ತಪ್ಪಿಸಿಕೊಳ್ಳುವುದಿಲ್ಲ. ಏಕೆಂದು ಕೇಳಿದೆ.

'ಯಾವ ಮುಖ ಇಟ್ಟುಕೊಂಡು ಹೋಗಲಿ ಮೇಡಂ? ಊರಿನವರ ಹಬ್ಬವನ್ನೇ ಹಾಳು ಮಾಡಿದೆ' ಎಂದು ಅತ್ತರು.

ಮನಸ್ಸು ಇಷ್ಟು ಕುಸಿದವರನ್ನು ಸಾಯುವ ಯೋಚನೆ ಬಂದಿದೆಯೇ ಎಂದು ನಾನು ನೇರವಾಗಿಯೇ ಕೇಳುತ್ತೇನೆ. ಬಂದಿರಲಿಲ್ಲ. ಆದರೂ ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416ನ್ನು ಬರೆದುಕೊಟ್ಟೆ. ಆಮೇಲೆ ಗೋಡೆಯ ಮೇಲಿನ ಕ್ಯಾಲೆಂಡರನ್ನು ಇಳಿಸಿ ಮೇಜಿನ ಮೇಲಿಟ್ಟು, 'ಏನಾಯಿತೆಂದು ಇದರ ಮೇಲೆ ತೋರಿಸಿ' ಎಂದೆ. ಎಲ್ಲವೂ ನನ್ನಿಂದಲೇ ಹಾಳಾಯಿತು ಎನ್ನುವವರ ತಪ್ಪಿಗೆ ಮೊದಲು ಒಂದು ಅಳತೆ ಸಿಗಬೇಕು.

ಡೇರಿಯಲ್ಲಿ ವಾರಕ್ಕೊಮ್ಮೆ ಬಟವಾಡೆ. ಯಾವ ದಿನದ ಹಾಲು ಯಾವ ವಾರದ್ದೆಂದು ಗುರುತಿಸಲು ಆಕೆ ಲೆಕ್ಕವಿಡುವ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ ತಾರೀಖಿನಿಂದ ವರ್ಷವನ್ನು ಒಂದು ಫಂಕ್ಷನ್‌ನಿಂದಲೂ (ಸಿದ್ಧ ಸೂತ್ರ) ವಾರದ ಸಂಖ್ಯೆಯನ್ನು ಇನ್ನೊಂದರಿಂದಲೂ ತೆಗೆದು, ಎರಡನ್ನೂ ಜೋಡಿಸಿದ್ದರು. ವಾರದ ಎಣಿಕೆ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಪದ್ಧತಿಯದು: ವಾರ ಸೋಮವಾರ ಶುರುವಾಗುತ್ತದೆ, ವರ್ಷದ ಮೊದಲ ಗುರುವಾರ ಬರುವ ವಾರವೇ ಒಂದನೆಯ ವಾರ. 2024ರ ಡಿಸೆಂಬರ್ 30 ಸೋಮವಾರ. ಆ ವಾರದ ಗುರುವಾರ ಜನವರಿ 2. ಹಾಗಾಗಿ ಡಿಸೆಂಬರ್ 30 ಮತ್ತು 31 ಕೂಡ 2025ರ ಒಂದನೆಯ ವಾರಕ್ಕೇ ಸೇರುತ್ತವೆ. ವಾರ ಒಂದು ಎಂದು ಸರಿಯಾಗಿಯೇ ಬಂತು. ವರ್ಷ ಮಾತ್ರ ತಾರೀಖಿನಲ್ಲಿದ್ದಂತೆ 2024 ಎಂದು ಬಂತು. ಎರಡು ದಿನದ ಹಾಲು 2024ರ ಒಂದನೆಯ ವಾರಕ್ಕೆ, ಎಂದರೆ ವರ್ಷದ ಹಿಂದೆಯೇ ಬಟವಾಡೆ ಮುಗಿದಿದ್ದ ವಾರಕ್ಕೆ ಹೋಗಿ ಸೇರಿಕೊಂಡಿತು. ಏಳು ದಿನ ಹಾಲು ಹಾಕಿದವರ ಕೈಗೆ ಐದು ದಿನದ ಹಣ. ಬಾಕಿ ಸೇರಿ ಬಂದದ್ದು ಹಬ್ಬ ಮುಗಿದ ಮೇಲೆ. ಆಕೆಯ ಅಪ್ಪನೂ ಅದೇ ಡೇರಿಗೆ ಹಾಲು ಹಾಕುವವರು. 'ಹಾಲು ಹಾಕುವವರ ಮಗಳಿಗೆ ಹಾಲಿನ ಲೆಕ್ಕ ಗೊತ್ತಿಲ್ಲವೇ?' ಎಂದು ಮೇಲಿನವರು ಎಲ್ಲರೆದುರು ಕೇಳಿದ್ದರಂತೆ. ನಿದ್ದೆ ಕೆಟ್ಟದ್ದು ಆ ಮಾತಿಗೆ.

ಕಾಗದದ ಮೇಲೆ ಒಂದು ವೃತ್ತ ಬರೆದು, ಹೊಣೆಯನ್ನು ಹಂಚಿ ಎಂದೆ. ಮೊದಲು ಇಡೀ ವೃತ್ತಕ್ಕೆ ತಮ್ಮ ಹೆಸರನ್ನೇ ಬರೆದರು. ಸಂಗ್ರಹವಾದ ಲೀಟರುಗಳಿಗೂ ಪಾವತಿಯಾದ ಲೀಟರುಗಳಿಗೂ ತಾಳೆ ನೋಡುವ ಕೆಲಸ ಯಾರದು? ವರ್ಷದ ಕೊನೆಯ ತಾರೀಖುಗಳನ್ನು ಹಾಕಿ ಪರೀಕ್ಷಿಸಿ ಎಂದು ಯಾರಾದರೂ ಹೇಳಿದ್ದರೇ? ಹೀಗೆ ಕೇಳುತ್ತ ಹೋದಂತೆ ಅರ್ಧಕ್ಕಿಂತ ಹೆಚ್ಚು ಭಾಗ ಬೇರೆಯವರ ಪಾಲಾಯಿತು. ಉಳಿದ ಪಾಲನ್ನು ನಾನು ಅಳಿಸಲು ಹೋಗಲಿಲ್ಲ. ಜೂನ್, ಜುಲೈ ತಾರೀಖುಗಳನ್ನಷ್ಟೇ ಹಾಕಿ ನೋಡಿದ್ದು ಆಕೆಯ ತಪ್ಪೇ. ಅದನ್ನೂ ಇಲ್ಲವೆಂದು ಸಮಾಧಾನ ಹೇಳಿದ್ದರೆ ನನ್ನ ಉಳಿದ ಮಾತನ್ನೂ ಆಕೆ ನಂಬುತ್ತಿರಲಿಲ್ಲ.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ರಾತ್ರಿಯ ತಪಾಸಣೆಯ ಬಗ್ಗೆ. ಅದು ಭಯವನ್ನು ಬೆಳೆಸುತ್ತಿತ್ತೇ ಹೊರತು ಲೆಕ್ಕವನ್ನು ತಿದ್ದುತ್ತಿರಲಿಲ್ಲ. ತಿದ್ದುವ ದಾರಿ ಆಕೆಗೇ ಗೊತ್ತಿತ್ತು: ವರ್ಷ ಮತ್ತು ವಾರವನ್ನು ಒಟ್ಟಿಗೇ ಕೊಡುವ ಇಯರ್‌ವೀಕ್ ಫಂಕ್ಷನ್ ಬಳಸುವುದು, ಜೊತೆಗೆ ಐಎಸ್‌ಒ ಎಣಿಕೆ ಬೇಕೆಂದು ತಿಳಿಸುವ 3 ಎಂಬ ಅಂಕಿಯನ್ನು ಮರೆಯದೆ ಕೊಡುವುದು. ಕೊಡದಿದ್ದರೆ ಎಣಿಕೆ ಭಾನುವಾರದಿಂದ ಶುರುವಾಗುತ್ತದೆ. ಪರೀಕ್ಷೆಗೆ ಮೂರು ತಾರೀಖುಗಳನ್ನೂ ಅವಕ್ಕೆ ಬರಬೇಕಾದ ಉತ್ತರಗಳನ್ನೂ (ಮೊದಲ ನಾಲ್ಕು ಅಂಕಿ ವರ್ಷ, ಕೊನೆಯ ಎರಡು ವಾರ) ನನ್ನೆದುರೇ ಬರೆದರು: 2021ರ ಜನವರಿ 1ಕ್ಕೆ 202053, 2024ರ ಡಿಸೆಂಬರ್ 30ಕ್ಕೆ 202501, 2025ರ ಡಿಸೆಂಬರ್ 29ಕ್ಕೆ 202601. ಹಗಲಿನಲ್ಲಿ, ಸಹೋದ್ಯೋಗಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಮ್ಮೆ ಇವನ್ನು ಪರೀಕ್ಷಿಸಬೇಕು. ಆಮೇಲೆ ರಾತ್ರಿ ಲ್ಯಾಪ್‌ಟಾಪ್ ತೆರೆಯಬಾರದು. ಎರಡು ವಾರದಲ್ಲಿ ನಿದ್ದೆ ಮರಳದಿದ್ದರೆ ಮನೋವೈದ್ಯರನ್ನು ಕಾಣಬೇಕು.

ಕಷ್ಟವಾದದ್ದು ಎರಡನೆಯದು: ಊರಿಗೆ ಹೋಗಿ ಅಪ್ಪನಿಗೆ ತಾವೇ ಹೇಳುವುದು. ಬಟವಾಡೆ ಏಕೆ ಕಡಿಮೆಯಾಯಿತೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಕೆ ಹೆದರುತ್ತಿದ್ದುದು ಇನ್ನೂ ಯಾರೂ ಆಡದ ಮಾತುಗಳಿಗೆ.

ಮೂರನೆಯ ಭೇಟಿಗೆ ಬಂದಾಗ ಹೇಳಿ ಬಂದಿದ್ದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಲು ಹಾಕಿದವರಿಗೆಲ್ಲ ಬಾಕಿ ಬಂತಾ?' ಎಂದು ಮಾತ್ರ ಕೇಳಿದರಂತೆ. ಬಂದಿದೆ ಎಂದದ್ದಕ್ಕೆ ಊಟಕ್ಕೆ ಏಳು ಎಂದರಂತೆ. ನಿದ್ದೆ ಈಗ ಪರವಾಗಿಲ್ಲ. ಎಲ್ಲರೆದುರು ಕೇಳಿದ ಆ ಮಾತು ಮಾತ್ರ ಇನ್ನೂ ನೋಯುತ್ತಿದೆ. ಅದನ್ನು ಆಡಿದವರೊಂದಿಗೆ ಹೇಗೆ ಮಾತನಾಡಬೇಕೆಂದು ನಾವಿಬ್ಬರೂ ಈಗ ಅಭ್ಯಾಸ ಮಾಡುತ್ತಿದ್ದೇವೆ.